ಕಾಡಿಗೆ ಬೆಂಕಿ ಬೀಳುವ ಮುನ್ನ

2019ರ ಫೆಬ್ರುವರಿ ಕೊನೆಯ ವಾರ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲ ಇಳಿಜಾರು ಕಪ್ಪಾಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಸ್ವಯಂಸೇವಕರೂ ಧಾವಿಸಿದರು.

ಆ ಕಾಳಜಿ ದೊಡ್ಡದು. ಆದರೆ ಗಾಳಿಯ ದಿಕ್ಕು ಅರಿಯದೆ ಬೆಂಕಿಯೆದುರು ನಿಲ್ಲುವುದು ಜೀವಕ್ಕೆ ಅಪಾಯ. 2017ರಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರೇ ಪ್ರಾಣ ಕಳೆದುಕೊಂಡರು. ತರಬೇತಿ ಇಲ್ಲದ ನಮ್ಮ ಗತಿ ಏನು?

ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು, ನಮ್ಮ ಶಕ್ತಿಯನ್ನು ಡಿಸೆಂಬರ್, ಜನವರಿಯಲ್ಲೇ ಬಳಸಬಹುದು. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆ ಒಣಹುಲ್ಲು, ಲಂಟಾನ ಸವರಿ ಬೆಂಕಿ ರೇಖೆ ಮಾಡುತ್ತದೆ. ಬೆಂಕಿ ದಾಟದಂತೆ ಬಿಡುವ ಬೋಳು ಪಟ್ಟಿ ಅದು. ಬೆಂಕಿ ಕಾವಲಿಗೆ ಕಾಡಂಚಿನ ಜನರನ್ನು ಹಂಗಾಮಿಯಾಗಿ ನೇಮಿಸಿಕೊಳ್ಳುತ್ತದೆ. ಕೆಲಸ ಹುಡುಕುತ್ತಿರುವ ಊರಿನ ಯುವಕರು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬಹುದು.

ಕಾಲೇಜಿನ ಎನ್‌ಎಸ್‌ಎಸ್ ಶಿಬಿರವನ್ನು ಕಾಡಂಚಿನ ಹಳ್ಳಿಯಲ್ಲೇ ನಡೆಸಬಹುದು. ನಮ್ಮ ಕಾಡುಗಳಿಗೆ ಬೀಳುವ ಬೆಂಕಿ ಬಹುತೇಕ ಮನುಷ್ಯರದ್ದೇ. ಎಸೆದ ಬೀಡಿಯೂ ಸಾಕು, ಆನೆ ಬೆಳೆ ತಿಂದ ಸಿಟ್ಟೂ ಸಾಕು. ಆದ್ದರಿಂದ ಉಪದೇಶಕ್ಕಿಂತ ಮೊದಲು ರೈತರ ಮಾತು ಕೇಳೋಣ. ಬೆಳೆ ಪರಿಹಾರದ ಅರ್ಜಿ ತುಂಬಿಕೊಡೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರನ್ನು ಕಂಡು, ಹಿಂದೆ ಅವರು ಹದವರಿತು ಹಚ್ಚುತ್ತಿದ್ದ ‘ತರಗು ಬೆಂಕಿ’ಯ ಬಗ್ಗೆ ಕೇಳಿ ತಿಳಿಯೋಣ.

ಹೊಗೆ ಕಂಡರೆ ವಿಡಿಯೊ ಮಾಡುತ್ತಾ ನಿಲ್ಲದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಜಾಗದ ಹೆಸರು ಸರಿಯಾಗಿ ಹೇಳಿ, ದೂರ ಸರಿಯಿರಿ.