ಮಗ್ಗಿಯೊಳಗಿನ ಹಾರ

ಪ್ರಾಥಮಿಕ ಶಾಲೆಯ ಗಣಿತ ಪುಸ್ತಕದಲ್ಲಿ ಗುಣಾಕಾರದ ಪಾಠ ಒಂದಿಷ್ಟು ಮುಂದೆ ಸಾಗುತ್ತಲೇ ಮೂರು ಹೆಸರುಗಳು ಎದುರಾಗುತ್ತವೆ: ಪರಿವರ್ತನೀಯ, ಸಹವರ್ತನೀಯ, ವಿಭಾಜಕ. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ ಗುಣಿಸಿದರೂ ಉತ್ತರ ಒಂದೇ. ಮೂರು ಸಂಖ್ಯೆಗಳಿದ್ದರೆ ಯಾವ ಎರಡನ್ನು ಮೊದಲು ಗುಣಿಸಿದರೂ ನಡೆಯುತ್ತದೆ. ಒಂದು ಸಂಖ್ಯೆಯನ್ನು ಒಡೆದು, ತುಂಡುಗಳನ್ನು ಬೇರೆಬೇರೆಯಾಗಿ ಗುಣಿಸಿ ಕೂಡಿಸಬಹುದು. ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡಿ, ಬಿಟ್ಟ ಸ್ಥಳ ತುಂಬಿ ಅಂಕ ಪಡೆಯುತ್ತಾರೆ. ಈ ಹೆಸರುಗಳ ವಯಸ್ಸು ಹೆಚ್ಚೆಂದರೆ ಇನ್ನೂರು ವರ್ಷದ ಆಸುಪಾಸು. ಅವು ಹೇಳುವ ಉಪಾಯ ಮಾತ್ರ ಸಾವಿರ ವರ್ಷಕ್ಕೂ ಹಳೆಯದು, ಮತ್ತು ಅದರ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ.

ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ದೊರೆಯ ಆಸ್ಥಾನದಲ್ಲಿ. ಮಹಾವೀರನ ಗ್ರಂಥ ಸಂಸ್ಕೃತದಲ್ಲಿದೆ. ಅದರಲ್ಲಿ ಮೊದಲು ಬರುವ ಗಣಿತಕ್ರಿಯೆಯೇ ಗುಣಾಕಾರ. ಕ್ರಮ ಹೇಳಿಕೊಟ್ಟ ಮೇಲೆ ಆತ ಅಭ್ಯಾಸಕ್ಕೆ ಕೊಡುವ ಲೆಕ್ಕಗಳನ್ನು ನೋಡಿದರೆ, ಈ ಮನುಷ್ಯ ಮಕ್ಕಳ ಮನಸ್ಸು ಬಲ್ಲವನಾಗಿದ್ದ ಎನ್ನಿಸುತ್ತದೆ. 152207ನ್ನು 73ರಿಂದ ಗುಣಿಸಿ ಎನ್ನುತ್ತಾನೆ. ಬರುವ ಉತ್ತರ 11111111. 142857143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ.

ಹಾರಗಳಲ್ಲೆಲ್ಲ ನನಗೆ ತೀರಾ ಇಷ್ಟವಾದದ್ದು 27994681 × 441. ಉತ್ತರ 12345654321: ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಇದು ಆಕಸ್ಮಿಕವಲ್ಲ. 441 ಎಂದರೆ 21 × 21. 27994681 ಎಂದರೆ 5291 × 5291. ಈಗ ಈ ನಾಲ್ಕನ್ನು ಅದಲುಬದಲು ಮಾಡಿ ಜೋಡಿಸಿಕೊಳ್ಳಿ. 5291 × 21 ಮಾಡಿದರೆ 111111. ಅಂಥ ಜೋಡಿ ಎರಡಿವೆ. ಹಾಗಾಗಿ ಇಡೀ ಲೆಕ್ಕ 111111 × 111111 ಆಯಿತು. 11 × 11 = 121, 111 × 111 = 12321 ಎಂದು ಮಾಡಿ ನೋಡಿದ ಯಾವ ಹುಡುಗಿಗೂ ಮುಂದಿನದು ತಾನೇ ಹೊಳೆಯುತ್ತದೆ. ಇಲ್ಲಿ ಬಳಕೆಯಾದದ್ದು ಪರಿವರ್ತನೀಯ, ಸಹವರ್ತನೀಯ ಗುಣಗಳೇ. ಆ ಎರಡು ಪದಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಡೆದು ಗುಣಿಸುವ ಉಪಾಯವನ್ನು ತೀರಾ ತಿಳಿಯಾಗಿ ಹೇಳಿದವನು ಭಾಸ್ಕರಾಚಾರ್ಯ, 1150ರ ‘ಲೀಲಾವತಿ’ಯಲ್ಲಿ. ಅವನು ಎತ್ತಿಕೊಂಡದ್ದು ಒಂದೇ ಲೆಕ್ಕ, 135 × 12. ಅದಕ್ಕೆ ಹಲವು ದಾರಿ ತೋರಿಸಿದ. ನೇರವಾಗಿ ಗುಣಿಸಬಹುದು. 12ನ್ನು 8 ಮತ್ತು 4 ಎಂದು ಒಡೆದು 1080ಕ್ಕೆ 540 ಕೂಡಿಸಬಹುದು. ಮೊದಲು 3ರಿಂದ, ಆಮೇಲೆ 4ರಿಂದ ಗುಣಿಸಬಹುದು. ಸ್ಥಾನಕ್ಕೆ ತಕ್ಕಂತೆ ಹತ್ತು ಮತ್ತು ಎರಡನ್ನು ಬೇರೆಮಾಡಬಹುದು. 20ರಿಂದ ಗುಣಿಸಿ, ಹೆಚ್ಚಾದ 8ರಷ್ಟನ್ನು ಕಳೆಯಲೂಬಹುದು. ಎಲ್ಲ ದಾರಿಯೂ ಮುಟ್ಟುವುದು 1620ಕ್ಕೆ. ನಿಯಮಕ್ಕೆ ಹೆಸರಿಡುವ ಮೊದಲೇ ಕೈಗೆ ಕೆಲಸ ಕೊಡುವ ಈ ಕ್ರಮ ನನಗೆ ಸರಿ ಕಾಣುತ್ತದೆ.

ಊರ ಶಾಲೆಗಳಲ್ಲಿ ಉಳಿದುಬಂದದ್ದು ಮುಖ್ಯವಾಗಿ ಬಾಯಿಪಾಠ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿ ಇದಕ್ಕೆ ಸಾಕ್ಷಿ. ಆಗ ಆ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ಮಕ್ಕಳು ದಿನಕ್ಕೆ ಎರಡು ಬಾರಿ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟಂತೆ ಸಂಕಲನದ, ಗುಣಾಕಾರದ, ಅಳತೆ ತೂಕಗಳ ಮಗ್ಗಿಗಳನ್ನೆಲ್ಲ ಒಪ್ಪಿಸುತ್ತಿದ್ದರು. ಭಿನ್ನರಾಶಿಗಳು ಹತ್ತರ ಬದಲು ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿದ್ದವು: ಕಾಲು, ವೀಸ, ಕಾಣಿ. ಅಂಗಡಿಗೂ ಕಂದಾಯಕ್ಕೂ ಬೇಕಾದ ವಿದ್ಯೆ ಅದು. ಅದನ್ನು ಕಡೆಗಣಿಸುವುದು ತಪ್ಪು. ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಕಲಿತ ಹಿರಿಯರು ಸಂತೆಯಲ್ಲಿ ನಿಂತಲ್ಲೇ ಲೆಕ್ಕ ಮುಗಿಸುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಇನ್ನು ಆ ಮೂರು ಹೆಸರುಗಳು. ಮೊದಲನೆಯದನ್ನೂ ಮೂರನೆಯದನ್ನೂ 1814ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಸೆರ್ವ್ವಾ ತನ್ನ ಲೇಖನವೊಂದರಲ್ಲಿ ಬಳಸಿದ. ಸಹವರ್ತನೀಯಕ್ಕೆ ಅದರ ಇಂಗ್ಲಿಷ್ ಹೆಸರು ಕೊಟ್ಟವನು ಐರ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್. 1843ರಲ್ಲಿ ಆತ ಕಂಡುಹಿಡಿದ ಹೊಸ ಬಗೆಯ ಸಂಖ್ಯೆಗಳಲ್ಲಿ ಅದಲುಬದಲು ಮಾಡಿದರೆ ಉತ್ತರವೇ ಬದಲಾಗುತ್ತಿತ್ತು. ಎಲ್ಲ ಕಡೆಯೂ ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ, ಎಲ್ಲಿ ಯಾವ ನಿಯಮ ನಡೆಯುತ್ತದೆ ಎಂದು ಹೇಳಲು ಹೆಸರುಗಳು ಬೇಕೇಬೇಕಾದವು. ಅಂದರೆ ಅವು ಸಂಶೋಧಕರ ಅಗತ್ಯಕ್ಕೆ ಹುಟ್ಟಿದ ಪದಗಳು.

ಅವು ಚಿಕ್ಕ ಮಕ್ಕಳ ಪುಸ್ತಕಕ್ಕೆ ಇಳಿದದ್ದರ ಹಿಂದೆ ಒಂದು ಉಪಗ್ರಹವಿದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಗಾಬರಿಗೊಂಡು ಶಾಲಾ ಗಣಿತವನ್ನು ತಿದ್ದಲು ಹೊರಟಿತು. ಮರುವರ್ಷವೇ ಗಣಿತಜ್ಞರ ತಂಡವೊಂದು ಪಠ್ಯ ಬರೆಯಲು ಕುಳಿತಿತು. ‘ನವ ಗಣಿತ’ದ ಆ ಅಲೆಯಲ್ಲಿ ಗಣಗಳೂ ಗುಣಗಳ ಹೆಸರುಗಳೂ ಕೆಳಗಿನ ತರಗತಿಗೆ ಬಂದವು. ನಿಯಮದ ಹೆಸರು ಗೊತ್ತಿರುವ ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು 1973ರಲ್ಲಿ ಮಾರಿಸ್ ಕ್ಲೈನ್ ಪುಸ್ತಕವನ್ನೇ ಬರೆದ. ಅಲೆ ಇಳಿಯಿತು, ಹೆಸರುಗಳು ಉಳಿದವು.

ಉಳಿದದ್ದು ಒಳ್ಳೆಯದೇ, ಅವುಗಳಿಂದ ಮಗುವಿನ ಹೊರೆ ಇಳಿಯುವಂತಿದ್ದರೆ. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಸಾಲುಗಳಿವೆ. ಏಳೆಂಟ್ಲ ಐವತ್ತಾರು ಗೊತ್ತಿದ್ದರೆ ಎಂಟೇಳ್ಲ ಬೇರೆ ಕಲಿಯಬೇಕಿಲ್ಲ ಎಂದು ಮೊದಲೇ ತೋರಿಸಿದರೆ ಉಳಿಯುವುದು 55. ಒಂದರ ಮತ್ತು ಹತ್ತರ ಮಗ್ಗಿ ಬಿಟ್ಟರೆ ಬರೀ 36. ಚೀನಾದ ಮಕ್ಕಳು ಒಪ್ಪಿಸುವ ಒಂಬತ್ತರವರೆಗಿನ ಮಗ್ಗಿಯಲ್ಲಿ 81ರ ಬದಲು 45 ಸಾಲು ಇರುವುದು ಇದೇ ಕಾರಣಕ್ಕೆ. ನಮ್ಮ ಎಷ್ಟೋ ತರಗತಿಗಳಲ್ಲಿ ಮಗ್ಗಿ ಒಂದು ಗಂಟೆಗೆ, ಗುಣಗಳು ಇನ್ನೊಂದು ಗಂಟೆಗೆ. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಹೇಳುವುದಿಲ್ಲ.

ಮಹಾವೀರನ ಗ್ರಂಥವನ್ನು ಹೊಂಬುಜದ ಜೈನ ಮಠ 2000ದಲ್ಲಿ ಕನ್ನಡ ಅನುವಾದದೊಂದಿಗೆ ಪ್ರಕಟಿಸಿದೆ. ಅಲ್ಲಿನ ಹಾರಗಳ ಜಾತಿಗೇ ಸೇರಿದ ಒಂದು ಲೆಕ್ಕವನ್ನು ಯಾವ ಶಾಲೆಯಲ್ಲಾದರೂ ಮಾಡಿಸಬಹುದು. 12345679 ಎಂದು ಬರೆಸಿ, ಎಂಟನ್ನು ಬಿಟ್ಟು. ಮಗುವಿಗೆ ಇಷ್ಟದ ಅಂಕಿ ಯಾವುದೆಂದು ಕೇಳಿ. ಏಳು ಎಂದರೆ 63ರಿಂದ ಗುಣಿಸಲು ಹೇಳಿ: ಒಂಬತ್ತು ಏಳುಗಳು ಸಾಲಾಗಿ ಬರುತ್ತವೆ. ಯಾಕೆ ಎಂದು ಮಗುವೇ ಕೇಳುತ್ತದೆ. ಆಗ 63ನ್ನು 9 × 7 ಎಂದು ಒಡೆಯಿರಿ. 9ನ್ನು ಭಾಸ್ಕರ ಮಾಡಿದಂತೆ ಹತ್ತರಿಂದ ಒಂದು ಕಳೆದು ಬರೆಯಿರಿ. 123456790ರಲ್ಲಿ 12345679 ಕಳೆದರೆ ಒಂಬತ್ತು ಒಂದುಗಳು, ಅವನ್ನು ಏಳರಿಂದ ಗುಣಿಸುವುದಷ್ಟೇ ಬಾಕಿ.