ವರ್ಗವನ್ನು ಅಳಿಸುವ ಮುನ್ನ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರವಿದೆ. ಅಂತಹ ಕೇಂದ್ರದ ಲೆಕ್ಕಪತ್ರವನ್ನು ಗಣಕಯಂತ್ರದಲ್ಲಿ ಇಡಬೇಕಾಗಿದೆ ಎಂದು ಭಾವಿಸೋಣ. ಮೊದಲು ‘ರಾಸು’ ಎಂದರೇನೆಂಬುದನ್ನು ಯಂತ್ರಕ್ಕೆ ತಿಳಿಸಬೇಕು. ಪ್ರತಿಯೊಂದು ರಾಸಿಗೂ ಒಂದು ಸಂಖ್ಯೆ, ಹುಟ್ಟಿದ ದಿನ, ತಾಯಿಯ ಸಂಖ್ಯೆ ಇರತಕ್ಕದ್ದು ಎಂದು ಹೇಳುವ ಈ ವಿವರಣೆಯೇ ವರ್ಗದ ವ್ಯಾಖ್ಯೆ. ‘ಹಸು’, ‘ಹೋರಿ’ ಎಂಬುವು ಅದರ ಉಪವರ್ಗಗಳು. ಒಂದೊಂದು ರಾಸಿನ ವಿವರವೂ ಆ ವರ್ಗಕ್ಕೆ ಸೇರಿದ ಒಂದೊಂದು ದಾಖಲೆ.

ವ್ಯಾಖ್ಯೆಯನ್ನು ಬೆಲ್ಲದ ಅಚ್ಚಿಗೆ ಹೋಲಿಸಬಹುದು. ಆದರೆ ಒಂದು ಭೇದವುಂಟು. ಅಚ್ಚು ಒಡೆದರೂ ಬೆಲ್ಲ ಉಳಿಯುತ್ತದೆ. ವ್ಯಾಖ್ಯೆ ಅಳಿದರೆ ದಾಖಲೆಗಳು ನಿಲ್ಲಲಾರವು.

ದೊಡ್ಡ ಕಚೇರಿಗಳಲ್ಲಿ ನೂರಾರು ಗಣಕಯಂತ್ರಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಯೂ ಇಂತಹ ವರ್ಗಗಳನ್ನೇ ಆಧರಿಸಿದೆ. ಅದಕ್ಕಾಗಿ ರೂಪಿಸಿದ ಸಾಮಾನ್ಯ ಮಾದರಿಗೆ ಸಿ.ಐ.ಎಂ. ಎಂದು ಹೆಸರು, ವಿಂಡೋಸ್‌ನಲ್ಲಿ ಅದರ ರೂಪ ಡಬ್ಲ್ಯು.ಎಂ.ಐ. ಬಳಕೆ ತಪ್ಪಿದ ವರ್ಗಗಳನ್ನು ಕೈಯಿಂದ ಒಂದೊಂದಾಗಿ ತೆಗೆಯುವುದು ಕಷ್ಟವಾದುದರಿಂದ, ಆ ಕೆಲಸಕ್ಕೆ ಚಿಕ್ಕದೊಂದು ಕ್ರಮವಿಧಿಯನ್ನು ಬರೆಯುತ್ತಾರೆ. ಉಪವರ್ಗವಾಗಲಿ ದಾಖಲೆಯಾಗಲಿ ಇರುವ ವರ್ಗವನ್ನು ಅಳಿಸಹೊರಟರೆ, ಸಿ.ಐ.ಎಂ. ನಿಯಮದಂತೆ ಯಂತ್ರವು ಒಪ್ಪದೆ ದೋಷವನ್ನು ಸೂಚಿಸಬೇಕು. ಡಬ್ಲ್ಯು.ಎಂ.ಐ. ಹಾಗಲ್ಲ. ಅದು ವರ್ಗದೊಡನೆ ಉಪವರ್ಗಗಳನ್ನೂ ದಾಖಲೆಗಳನ್ನೂ ಅಳಿಸಿಬಿಡುತ್ತದೆ. ಅಲ್ಲಿ ‘ರಾಸು’ ಎಂಬುದನ್ನು ತೆಗೆದರೆ ಹಸುವೂ ಇಲ್ಲ, ಹೋರಿಯೂ ಇಲ್ಲ.

ಮೂಲವನ್ನು ತೆಗೆದಾಗ ಅದನ್ನು ಅವಲಂಬಿಸಿದುದೆಲ್ಲ ಹೋಗುವುದು ಯಂತ್ರದಲ್ಲಿ ಮಾತ್ರವಲ್ಲ. ಅಮೃತಮಹಲ್ ಇಲಾಖೆಯ ಚರಿತ್ರೆಯೂ ಇದಕ್ಕೆ ಸಾಕ್ಷಿ. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನ. ಮುಂದೆ ಬ್ರಿಟಿಷರ ಆಡಳಿತವು ಖರ್ಚು ಉಳಿಸಲೆಂದು 1860ರಲ್ಲಿ ಇಲಾಖೆಯನ್ನು ರದ್ದುಪಡಿಸಿ ರಾಸುಗಳನ್ನು ಮಾರಿತು. ಕೆಲವೇ ವರ್ಷಗಳಲ್ಲಿ ಅವುಗಳ ಕೊರತೆ ತಲೆದೋರಿತು. 1866ರಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಲಾಯಿತು. ಆದೇಶ ಹೊರಡಿಸಿ ಇಲಾಖೆಯನ್ನು ಮರಳಿ ಕಟ್ಟಬಹುದಿತ್ತು. ಚದುರಿಹೋದ ಹಿಂಡನ್ನಾದರೋ ಹೊಸದಾಗಿ ಕೂಡಿಸಬೇಕಾಯಿತು.

ಆದುದರಿಂದ ವರ್ಗವನ್ನು ಅಳಿಸುವವರು ಮೊದಲು ಅದರ ಉಪವರ್ಗಗಳಾವುವು, ದಾಖಲೆಗಳೆಷ್ಟು ಎಂಬುದನ್ನು ಎಣಿಸಿ ನೋಡಬೇಕು. ಬಳಿಕ ವ್ಯಾಖ್ಯೆಯನ್ನೂ ದಾಖಲೆಗಳನ್ನೂ ಪ್ರತಿಮಾಡಿ ಇರಿಸಿಕೊಳ್ಳಬೇಕು. ವ್ಯಾಖ್ಯೆಯೊಂದನ್ನೇ ಉಳಿಸಿಕೊಂಡವರಿಗೆ ಅಚ್ಚು ದೊರೆತೀತು, ಬೆಲ್ಲ ದೊರೆಯದು. ಅಳಿಸುವ ಆಜ್ಞೆ ಒಂದೇ ಸಾಲಿನದು. ಅದಕ್ಕೆ ಮುಂಚಿನ ವಿವೇಚನೆಯೇ ನಿಜವಾದ ಕೆಲಸ.