ಹೇರಿದ ನಾಯಕತ್ವಕ್ಕೆ ವೇಲ್ಸ್ ಕೊಟ್ಟ ಉತ್ತರ

1999ರ ಫೆಬ್ರವರಿಯಲ್ಲಿ ವೇಲ್ಸ್‌ನ ಲೇಬರ್ ಪಕ್ಷ ತನ್ನ ನಾಯಕನ ಆಯ್ಕೆಗೆ ಮತದಾನ ನಡೆಸಿತು. ಕಣದಲ್ಲಿದ್ದವರು ಇಬ್ಬರು: ಆಲಿನ್ ಮೈಕಲ್ ಮತ್ತು ರೊಡ್ರಿ ಮಾರ್ಗನ್. ಪಕ್ಷದ ಸಾಮಾನ್ಯ ಸದಸ್ಯರಲ್ಲಿ ಮತ ಹಾಕಿದ ಸುಮಾರು ಶೇ 64ರಷ್ಟು ಮಂದಿ ಮಾರ್ಗನ್ ಬೇಕೆಂದರು. ಗೆದ್ದದ್ದು ಮೈಕಲ್. ಆಯ್ಕೆಯ ವಿಧಾನವೇ ಹಾಗಿತ್ತು. ಒಟ್ಟು ಮತಮೌಲ್ಯವನ್ನು ಮೂರು ಸಮಪಾಲು ಮಾಡಿ ಒಂದನ್ನು ಸದಸ್ಯರಿಗೆ, ಒಂದನ್ನು ಕಾರ್ಮಿಕ ಸಂಘಗಳಿಗೆ, ಉಳಿದೊಂದನ್ನು ಸಂಸದರು ಮತ್ತು ಚುನಾವಣಾ ಅಭ್ಯರ್ಥಿಗಳಿಗೆ ಕೊಡಲಾಗಿತ್ತು. ಕೆಲವು ದೊಡ್ಡ ಸಂಘಗಳು ತಮ್ಮ ಸದಸ್ಯರ ಅಭಿಪ್ರಾಯ ಕೇಳುವ ಗೋಜಿಗೇ ಹೋಗದೆ ಇಡೀ ಸಂಘದ ಮತವನ್ನು ಮೈಕಲ್ ಪಾಲಿಗೆ ಹಾಕಿದವು. ಕೊನೆಗೆ ಮೈಕಲ್‌ಗೆ ಶೇ 52.7, ಮಾರ್ಗನ್‌ಗೆ ಶೇ 47.3. ಲಂಡನ್ನಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ಬಯಸಿದ್ದೂ ಇದನ್ನೇ. ವೇಲ್ಸ್‌ನ ಮುಂದಿನ ಕಾಲು ಶತಮಾನದ ರಾಜಕಾರಣವನ್ನು ಅರಿಯಲು ಈ ಆಯ್ಕೆಯಿಂದಲೇ ಶುರುಮಾಡಬೇಕು ಎಂದು ನನಗನ್ನಿಸುತ್ತದೆ. ಅಲ್ಲಿ ಒಬ್ಬ ನಾಯಕ ನಿಲ್ಲುತ್ತಾನೋ ಬೀಳುತ್ತಾನೋ ಎಂಬುದನ್ನು ಅವನ ಜಾಣತನಕ್ಕಿಂತ, ಪಕ್ಷದ ಸಂಖ್ಯಾಬಲಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಇನ್ನೊಂದು ಸಂಗತಿ: ಅಧಿಕಾರವನ್ನು ಅವನು ಯಾರ ಕೈಯಿಂದ ಪಡೆದ, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು.

ವೇಲ್ಸ್ ಬ್ರಿಟನ್ನಿನ ಪಶ್ಚಿಮದಂಚಿನ ಪುಟ್ಟ ದೇಶ. 2021ರ ಜನಗಣತಿಯಂತೆ ಅಲ್ಲಿರುವವರು 31 ಲಕ್ಷ ಜನ. ಅವರಲ್ಲಿ ವೆಲ್ಷ್ ಭಾಷೆ ಬಲ್ಲವರು ಶೇ 17.8. ಸ್ವಂತದ್ದೊಂದು ಶಾಸನಸಭೆ ಬೇಕೇ ಎಂದು 1979ರಲ್ಲಿ ಕೇಳಿದಾಗ ಮತ ಹಾಕಿದ ಐವರಲ್ಲಿ ನಾಲ್ವರು ಬೇಡವೆಂದಿದ್ದರು. 1997ರ ಸೆಪ್ಟೆಂಬರ್ 18ರಂದು ಮತ್ತೆ ಕೇಳಿದಾಗ ಬೇಕೆಂದವರು ಶೇ 50.3, ಇಡೀ ದೇಶದಲ್ಲಿ ಅಂತರ 6,721 ಮತ. ಮತಗಟ್ಟೆಗೆ ಬಂದವರೇ ಅರ್ಧದಷ್ಟು ಜನ. ಇಷ್ಟು ತೆಳುವಾದ ಒಪ್ಪಿಗೆಯ ಮೇಲೆ ಹುಟ್ಟಿದ ಸಭೆಗೆ ಜನರ ನಂಬಿಕೆ ಗಳಿಸಿಕೊಡುವುದೇ ಮೊದಲ ನಾಯಕನ ಮುಖ್ಯ ಕೆಲಸವಾಗಿತ್ತು. ಆ ಸಭೆಗಾಗಿ ಹೆಚ್ಚು ದುಡಿದ ವೇಲ್ಸ್ ವ್ಯವಹಾರಗಳ ಸಚಿವ ರಾನ್ ಡೇವಿಸ್ ಆ ಸ್ಥಾನಕ್ಕೆ ಬರಬೇಕಿತ್ತು. 1998ರ ಅಕ್ಟೋಬರ್‌ನಲ್ಲಿ ಖಾಸಗಿ ಬದುಕಿನ ಪ್ರಕರಣವೊಂದರಿಂದ ಅವರು ರಾಜೀನಾಮೆ ಕೊಡಬೇಕಾಯಿತು. ಆಗ ಬ್ಲೇರ್ ಮುಂದೆ ಮಾಡಿದ್ದು ಗೃಹ ಇಲಾಖೆಯಲ್ಲಿ ಸಚಿವರಾಗಿದ್ದ ಮೈಕಲ್ ಅವರನ್ನು. ಮೈಕಲ್ ಹೊರಗಿನವರಲ್ಲ. ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಹುಟ್ಟಿದವರು, ರಾಜಧಾನಿ ಕಾರ್ಡಿಫ್‌ನ ಸಂಸದರು, ದುಡಿಮೆಗಾರರೆಂದು ಎದುರಾಳಿಗಳೂ ಒಪ್ಪಿದವರು. ಆದರೂ ಅವರಿಗೆ ‘ಲಂಡನ್ ಕಳಿಸಿದವರು’ ಎಂಬ ಹೆಸರು ಅಂಟಿತು. ಹೈಕಮಾಂಡ್ ಲಕೋಟೆಯಿಂದ ಮುಖ್ಯಮಂತ್ರಿಯ ಹೆಸರು ಹೊರಬರುವುದನ್ನು ಕಂಡ ನಮಗೆ ಈ ಅಸಮಾಧಾನದ ಬಗೆ ಬಿಡಿಸಿ ಹೇಳಬೇಕಿಲ್ಲ.

1999ರ ಮೇ 6ರ ಮೊದಲ ಚುನಾವಣೆಯಲ್ಲಿ ಈ ಹೇರಿಕೆಗೆ ಉತ್ತರ ಬಂತು. 60 ಸ್ಥಾನಗಳಲ್ಲಿ ಲೇಬರ್‌ಗೆ ಬಂದದ್ದು 28, ಬಹುಮತಕ್ಕೆ ಮೂರು ಕಡಿಮೆ. ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿ 17 ಸ್ಥಾನ ಗೆದ್ದಿತು. ಕಲ್ಲಿದ್ದಲಿನ ಕಣಿವೆಗಳ ಲೇಬರ್ ಕೋಟೆಗಳಾದ ರೊಂದಾ, ಲೇಬರ್ ಪಕ್ಷದ ಮಾಜಿ ನಾಯಕ ನೀಲ್ ಕಿನಕ್ ಸಂಸತ್ತಿನಲ್ಲಿ ಪ್ರತಿನಿಧಿಸಿದ್ದ ಇಸ್ಲುಯಿನ್, ಜೊತೆಗೆ ಲಾನೆಲ್ಲಿ, ಮೂರೂ ಕೈಬಿಟ್ಟುಹೋದವು. ಮೈಕಲ್ ಅವರ ಸ್ವಂತ ಗೆಲುವಿನ ರೀತಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿ 40 ಮಂದಿ ಕ್ಷೇತ್ರಗಳಿಂದ ನೇರವಾಗಿ, 20 ಮಂದಿ ಪ್ರಾದೇಶಿಕ ಪಟ್ಟಿಗಳಿಂದ ಆರಿಸಿ ಬರುತ್ತಿದ್ದರು. ಪಟ್ಟಿಯ ಸ್ಥಾನಗಳು ಮತಪ್ರಮಾಣಕ್ಕೆ ತಕ್ಕಷ್ಟು ಕ್ಷೇತ್ರಗಳನ್ನು ಗೆಲ್ಲಲಾಗದ ಪಕ್ಷಗಳಿಗೆ ಸೇರುತ್ತಿದ್ದವು. ಮೈಕಲ್‌ಗೆ ಯಾವ ಕ್ಷೇತ್ರದ ಟಿಕೆಟ್ಟೂ ಇರಲಿಲ್ಲ. ಅವರ ಹೆಸರಿದ್ದದ್ದು ಮಧ್ಯ ಮತ್ತು ಪಶ್ಚಿಮ ವೇಲ್ಸ್‌ನ ಪಟ್ಟಿಯಲ್ಲಿ. ಹಾಗಾಗಿ ಆ ಪ್ರದೇಶದ ಕ್ಷೇತ್ರಗಳಲ್ಲಿ ತಮ್ಮ ಪಕ್ಷದವರು ಸೋತರೆ ಮಾತ್ರ ನಾಯಕ ಸಭೆಯೊಳಗೆ ಬರಬಲ್ಲ ಸ್ಥಿತಿ. ಹಾಗೆಯೇ ಬಂದರು. ಮರುವರ್ಷ ಯುರೋಪಿಯನ್ ಒಕ್ಕೂಟದ ಅಭಿವೃದ್ಧಿ ನೆರವಿಗೆ ಸರಿಸಾಟಿಯಾಗಿ ಲಂಡನ್ ಖಜಾನೆ ಕೊಡಬೇಕಾದ ಹಣದ ಪ್ರಶ್ನೆ ಎದ್ದಿತು. ಬ್ಲೇರ್ ಆಪ್ತರೆಂದೇ ಆಯ್ಕೆಯಾದವರಿಗೆ ಆ ಹಣದ ಖಚಿತ ಭರವಸೆಯನ್ನೂ ತರಲಾಗಲಿಲ್ಲ. 2000ದ ಫೆಬ್ರವರಿ 9ರಂದು ಅವಿಶ್ವಾಸ ನಿರ್ಣಯದ ಚರ್ಚೆ ನಡೆದಿರುವಾಗಲೇ ಮೈಕಲ್ ರಾಜೀನಾಮೆ ಕೊಟ್ಟರು. ಸದಸ್ಯರು ಒಂದು ವರ್ಷದ ಹಿಂದೆಯೇ ಬಯಸಿದ್ದ ಮಾರ್ಗನ್ ಆ ಜಾಗಕ್ಕೆ ಬಂದರು.

ಮಾರ್ಗನ್ 2009ರ ಡಿಸೆಂಬರ್‌ವರೆಗೆ ಅಧಿಕಾರದಲ್ಲಿದ್ದರು. ಲಂಡನ್ನಿನ ಲೇಬರ್ ಸರ್ಕಾರ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಪೈಪೋಟಿ ತರಲು ಹೊರಟಿದ್ದ ಕಾಲವದು. ಕಾರ್ಡಿಫ್ ಸರ್ಕಾರ ಬೇರೆ ಹಾದಿ ಹಿಡಿಯಿತು: ಶಾಲೆಗಳನ್ನು ಅಂಕಗಳ ಮೇಲೆ ಸಾಲುಗಟ್ಟಿಸುವ ಪದ್ಧತಿ ಕೈಬಿಟ್ಟಿತು, ಹಿರಿಯರಿಗೆ ಉಚಿತ ಬಸ್ ಪಾಸ್ ಕೊಟ್ಟಿತು, 2007ರ ಏಪ್ರಿಲ್‌ನಿಂದ ವೈದ್ಯರು ಬರೆದ ಔಷಧಿಗೆ ಶುಲ್ಕ ತೆಗೆದುಹಾಕಿತು. ತಮ್ಮ ಸರ್ಕಾರಕ್ಕೂ ಲಂಡನ್ ಸರ್ಕಾರಕ್ಕೂ ನಡುವಿನ ಅಂತರವನ್ನು ಮಾರ್ಗನ್ ಮುಚ್ಚಿಡಲಿಲ್ಲ, ಅದನ್ನೇ ರಾಜಕೀಯ ನಿಲುವಾಗಿ ಮುಂದಿಟ್ಟರು. 2003ರಲ್ಲಿ ಲೇಬರ್ 30 ಸ್ಥಾನಕ್ಕೇರಿತು. ಕಳೆದುಕೊಂಡಿದ್ದ ಮೂರೂ ಕೋಟೆಗಳು ಮರಳಿದವು. ಆ ವರ್ಷ ಮತ ಹಾಕಿದವರು ಶೇ 38 ಮಾತ್ರ ಎಂದು ಯಾರಾದರೂ ನೆನಪಿಸಿದರೆ ಅದು ನಿಜ, ಅದನ್ನು ಬದಿಗೆ ಸರಿಸಲಾಗದು. ಮಾರ್ಗನ್ ಜನರನ್ನು ಮತಗಟ್ಟೆಗೆ ಎಳೆದು ತರಲಿಲ್ಲ. ಅವರು ಮಾಡಿದ್ದು ಬೇರೆ. ಸಭೆಯೇ ಬೇಡ ಎನ್ನುತ್ತಿದ್ದವರ ದನಿ ಅವರ ಕಾಲದಲ್ಲಿ ತಗ್ಗಿತು. 2011ರ ಜನಮತಗಣನೆಯಲ್ಲಿ ಆ ಸಭೆಗೆ ಪೂರ್ಣ ಕಾನೂನು ರಚನಾಧಿಕಾರ ಕೊಡಲು ಶೇ 63.5ರಷ್ಟು ಮತ ಬಿತ್ತು. ಆಗಲೂ ಮತದಾನ ಕಡಿಮೆಯೇ. ಆದರೂ 6,721 ಮತಗಳಿಂದ ಇಲ್ಲಿಯವರೆಗಿನ ದಾರಿ ಸಣ್ಣದಲ್ಲ.

ಇದು ಮುಖ್ಯಮಂತ್ರಿ ಮಟ್ಟದ ಕಥೆ. ಕ್ಷೇತ್ರದ ಮಟ್ಟದಲ್ಲಿ ಅದೇ ಕಥೆ ಇನ್ನಷ್ಟು ಕಟುವಾಗಿ ನಡೆದದ್ದು ಬ್ಲೈನೈ ಗ್ವೆಂಟ್‌ನಲ್ಲಿ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯನ್ನು ಕಟ್ಟಿದ ಅನೈರಿನ್ ಬೆವನ್ ಪ್ರತಿನಿಧಿಸಿದ ನೆಲ ಅದು. ಅವರ ನಂತರ, ಮುಂದೆ ಲೇಬರ್ ನಾಯಕರಾದ ಮೈಕಲ್ ಫೂಟ್ ಅಲ್ಲಿಂದಲೇ ಸಂಸತ್ತಿಗೆ ಹೋಗುತ್ತಿದ್ದರು. 2002ರಲ್ಲಿ ಅಲ್ಲಿನ ಎಬು ವೇಲ್‌ನ ಉಕ್ಕಿನ ಕಾರ್ಖಾನೆ ಮುಚ್ಚಿ ಊರು ನಲುಗಿತ್ತು. 2005ರ ಸಂಸತ್ ಚುನಾವಣೆಗೆ ಲೇಬರ್ ಆ ಕ್ಷೇತ್ರದಲ್ಲಿ ಮಹಿಳೆಯರಿಂದಷ್ಟೇ ಅರ್ಜಿ ಕರೆದು ಅಭ್ಯರ್ಥಿಯನ್ನು ಆರಿಸಿತು. ಇದನ್ನು ಹೇರಿಕೆ ಎಂದು ಕರೆದು ಸ್ಥಳೀಯ ಶಾಸಕ ಪೀಟರ್ ಲಾ ಪಕ್ಷೇತರರಾಗಿ ನಿಂತರು. ಚುನಾವಣೆಗೆ ಕೆಲವೇ ವಾರ ಮುಂಚೆ ಮೆದುಳಿನ ಗಡ್ಡೆಗೆ ಅವರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಹಿಂದಿನ ಸಲ ಲೇಬರ್ ಅಲ್ಲಿ 19,313 ಮತಗಳ ಅಂತರದಿಂದ ಗೆದ್ದಿತ್ತು; ಈ ಸಲ ಲಾ 9,121 ಮತಗಳ ಅಂತರದಿಂದ ಗೆದ್ದರು. ಮರುವರ್ಷ ಅವರು ತೀರಿಕೊಂಡಾಗ ವೇಲ್ಸ್ ಸಭೆಯ ಸ್ಥಾನಕ್ಕೆ ಅವರ ಪತ್ನಿ ಟ್ರಿಷ್ ಲಾ, ಸಂಸತ್ತಿನ ಸ್ಥಾನಕ್ಕೆ ಅವರ ಬೆಂಬಲಿಗ ಡೈ ಡೇವಿಸ್, ಇಬ್ಬರೂ ಪಕ್ಷೇತರರಾಗಿಯೇ ಗೆದ್ದರು. ಬಂಡಾಯ ಒಬ್ಬ ಮನುಷ್ಯನ ಮೇಲಿನ ಅನುಕಂಪದಿಂದಷ್ಟೇ ಹುಟ್ಟಿದ್ದರೆ ಅವನೊಂದಿಗೇ ಮುಗಿಯಬೇಕಿತ್ತು.

ಇಲ್ಲಿ ಗಂಭೀರವಾದ ಒಂದು ಆಕ್ಷೇಪ ಬರುತ್ತದೆ. ಸ್ಥಳೀಯರ ಇಚ್ಛೆಗೇ ಎಲ್ಲವನ್ನೂ ಬಿಟ್ಟಿದ್ದರೆ ಹೆಂಗಸರು ಗೆದ್ದು ಬರುತ್ತಿದ್ದರೇ? ಗಣಿ ಮತ್ತು ಕಾರ್ಖಾನೆಗಳ ಸುತ್ತ ಬೆಳೆದ ಪಕ್ಷದ ಘಟಕಗಳು ದಶಕಗಟ್ಟಲೆ ಗಂಡಸರಿಗೇ ಟಿಕೆಟ್ ಕೊಟ್ಟಿದ್ದವು. 1999ರಲ್ಲಿ ಲೇಬರ್ ಅಕ್ಕಪಕ್ಕದ ಎರಡೆರಡು ಕ್ಷೇತ್ರಗಳನ್ನು ಜೋಡಿ ಮಾಡಿ ಒಂದಕ್ಕೆ ಗಂಡಸು, ಒಂದಕ್ಕೆ ಹೆಂಗಸು ಎಂದು ನಿಯಮ ತಂದಿತು. ಅದರ ಫಲವಾಗಿ, ಪ್ಲೈಡ್‌ನ ಪಟ್ಟಿಗಳ ನೆರವೂ ಸೇರಿ, 2003ರ ಸಭೆಯಲ್ಲಿ 60ರಲ್ಲಿ 30 ಮಂದಿ ಮಹಿಳೆಯರಿದ್ದರು. ಜಗತ್ತಿನ ಯಾವ ಶಾಸನಸಭೆಯೂ ಅಲ್ಲಿಯವರೆಗೆ ಆ ಸಮಪಾಲು ಮುಟ್ಟಿರಲಿಲ್ಲ. ಈ ಸಾಧನೆ ನನಗೆ ಬಹಳ ದೊಡ್ಡದು. ಪೀಟರ್ ಲಾ ಗೆಲುವನ್ನು ಹೊಗಳುವ ಭರದಲ್ಲಿ ಇದನ್ನು ಸಣ್ಣದು ಮಾಡುವುದು ಅನ್ಯಾಯ. ಆದರೆ ಎರಡಕ್ಕೂ ನಡುವೆ ವ್ಯತ್ಯಾಸವಿದೆ. ಜೋಡಿ ಕ್ಷೇತ್ರದ ನಿಯಮ ಪಕ್ಷದೊಳಗೆ ಬಹಿರಂಗವಾಗಿ, ಕಹಿಯಾಗಿಯೇ ಚರ್ಚೆಗೊಳಗಾಗಿ ವೇಲ್ಸ್‌ನ ಉದ್ದಗಲಕ್ಕೂ ಅನ್ವಯವಾಯಿತು. ಯಾವ ಊರಿಗೂ ತನ್ನನ್ನೇ ಬೇರೆ ಮಾಡಿ ಶಿಕ್ಷಿಸಿದರು ಅನ್ನಿಸಲಿಲ್ಲ. ಬ್ಲೈನೈ ಗ್ವೆಂಟ್‌ನ ಜನ, ನಮ್ಮೂರಿಗೆ ಮಾತ್ರ ಮೇಲಿನವರು ತೀರ್ಮಾನಿಸಿದರು ಎಂದು ಬಗೆದರು. ಮುಂದೆ ಅದೇ ಜನ ಟ್ರಿಷ್ ಲಾ ಅವರನ್ನು ಆರಿಸಿದರು. ಅವರ ತಕರಾರು ಹೆಂಗಸಿನ ಬಗ್ಗೆ ಇರಲಿಲ್ಲ.

ಇನ್ನೊಂದು ಆಕ್ಷೇಪ ಇತಿಹಾಸದ್ದು. 1922ರಿಂದ 2024ರವರೆಗಿನ ಎಲ್ಲ ಸಂಸತ್ ಚುನಾವಣೆಗಳಲ್ಲೂ ವೇಲ್ಸ್‌ನಲ್ಲಿ ಲೇಬರ್‌ದೇ ಮೊದಲ ಸ್ಥಾನ. ಅಲ್ಲಿ ಗೆಲ್ಲುವುದು ಗಣಿ, ಕಾರ್ಮಿಕ ಸಂಘ, ಕುಟುಂಬದ ರೂಢಿ, ನಾಯಕ ಯಾರಾದರೇನು ಎನ್ನುವವರಿದ್ದಾರೆ. 20ನೇ ಶತಮಾನದ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಗಣಿಗಳು ಮುಚ್ಚಿ, ಸಂಘಗಳು ಸೊರಗಿದ ಮೇಲೆ ಆ ರೂಢಿ ಎಷ್ಟು ದಿನ ತಾಳೀತು? 2021ರಲ್ಲಿ ಕೋವಿಡ್ ಕಾಲದ ಆಡಳಿತದಿಂದ ಮನೆಮನೆಗೂ ಪರಿಚಿತರಾಗಿದ್ದ ಮುಖ್ಯಮಂತ್ರಿ ಮಾರ್ಕ್ ಡ್ರೇಕ್‌ಫೋರ್ಡ್ ಪಕ್ಷಕ್ಕೆ ಮತ್ತೆ 30 ಸ್ಥಾನ ತಂದರು. ಮೂರೇ ವರ್ಷದಲ್ಲಿ ಎಲ್ಲ ಕುಸಿಯಿತು. ನನ್ನ ವಾದಕ್ಕೆ ನಿಜವಾದ ಪರೀಕ್ಷೆ ಇರುವುದೂ ಇಲ್ಲಿಯೇ. 2024ರ ಮಾರ್ಚ್‌ನಲ್ಲಿ ಡ್ರೇಕ್‌ಫೋರ್ಡ್ ಜಾಗಕ್ಕೆ ಬಂದ ವಾನ್ ಗೆಥಿಂಗ್ ಅವರನ್ನು ಲಂಡನ್ ಹೇರಿರಲಿಲ್ಲ. ವೇಲ್ಸ್‌ನ ಸದಸ್ಯರೇ ಜೆರೆಮಿ ಮೈಲ್ಸ್ ಎದುರು ಶೇ 51.7 ಮತ ಕೊಟ್ಟು ಆರಿಸಿದ್ದರು. ಯುರೋಪಿನ ದೇಶವೊಂದರ ಸರ್ಕಾರಕ್ಕೆ ಕಪ್ಪು ಜನಾಂಗದವರೊಬ್ಬರು ಮುಖ್ಯಸ್ಥರಾದದ್ದು ಅದೇ ಮೊದಲು. ಆದರೆ ಅವರ ಪ್ರಚಾರಕ್ಕೆ 2 ಲಕ್ಷ ಪೌಂಡ್ ಕೊಟ್ಟ ಕಂಪನಿಯ ಒಡೆಯ ಪರಿಸರ ಅಪರಾಧಗಳಲ್ಲಿ ಶಿಕ್ಷೆಗೊಳಗಾಗಿದ್ದವರು. ದೇಣಿಗೆಯನ್ನು ಘೋಷಿಸಿದ್ದೇನೆ, ನಿಯಮ ಮೀರಿಲ್ಲ ಎಂದು ಗೆಥಿಂಗ್ ಸಮರ್ಥಿಸಿಕೊಂಡರು. ಜೂನ್ 5ರಂದು ಸಭೆ 29–27ರಿಂದ ಅವಿಶ್ವಾಸ ಸೂಚಿಸಿತು, ಅವರು ಇಳಿಯಲಿಲ್ಲ. ಜುಲೈ 16ರಂದು ನಾಲ್ವರು ತಮ್ಮ ಹುದ್ದೆಗಳಿಗೆ ರಾಜೀನಾಮೆ ಕೊಟ್ಟು ಸರ್ಕಾರದಿಂದ ಹೊರನಡೆದ ಮೇಲೆ ರಾಜೀನಾಮೆ ಘೋಷಿಸಿದರು. ಹಾಗಾದರೆ ಮನೆಯಲ್ಲೇ ಆಯ್ಕೆಯಾಗುವುದು ಸಾಲದೇ? ಸಾಲದು. 1999ರಲ್ಲಿ ಜನ ಲಂಡನ್ ಕಡೆ ಬೆರಳು ತೋರಿಸಿದರು, 2024ರಲ್ಲಿ ಹಣದ ಕಡೆ. ಎರಡು ಸಲವೂ ಕೇಳಿದ ಪ್ರಶ್ನೆ ಮಾತ್ರ ಒಂದೇ: ಈ ನಾಯಕ ಯಾರ ಋಣದಲ್ಲಿದ್ದಾನೆ?

ಬೇರೂರಿದ ನಾಯಕರೆಲ್ಲ ಗೆಲ್ಲುತ್ತಾರೆಂದು ನಾನು ಹೇಳುತ್ತಿಲ್ಲ. ಪ್ಲೈಡ್ ಕಮ್ರಿಯ ಲಿಯಾನ್ ವುಡ್ ತಮ್ಮ ಹುಟ್ಟೂರಿನ ರೊಂದಾವನ್ನು 2016ರಲ್ಲಿ ಲೇಬರ್‌ನಿಂದ ಕಸಿದುಕೊಂಡರು, 2021ರಲ್ಲಿ ಅಲ್ಲೇ ಸೋತರು. ಊರಿನ ಪ್ರೀತಿ ಮತವಾಗಿ ಮಾಗಲು ಕಾಲ ಕೂಡಿಬರಬೇಕು. 2025ರ ಅಕ್ಟೋಬರ್ 23ರ ಕೆರ್ಫಿಲಿ ಉಪಚುನಾವಣೆಯಲ್ಲಿ ಅದು ಕೂಡಿಬಂತು. ಸಂಸತ್ತಿನ, ವೇಲ್ಸ್ ಸಭೆಯ ಚುನಾವಣೆಗಳಲ್ಲಿ ಲೇಬರ್ ನೂರು ವರ್ಷ ಸೋಲು ಕಾಣದ ಊರು ಅದು. ಪ್ಲೈಡ್‌ನ ಲಿಂಡ್ಸೆ ವಿಟಲ್ 1976ರಿಂದ ಅಲ್ಲಿನ ಕೌನ್ಸಿಲರ್ ಆಗಿದ್ದವರು. ಸಂಸತ್ತಿಗೆ, ವೇಲ್ಸ್ ಸಭೆಗೆ ಅದೇ ಕ್ಷೇತ್ರದಲ್ಲಿ ನಿಂತು ಸೋತು, ಮತ್ತೆ ನಿಂತವರು. ಎಪ್ಪತ್ತು ದಾಟಿದ ಮೇಲೆ ಶೇ 47 ಮತ ಪಡೆದು ಗೆದ್ದರು. ಬಲಪಂಥೀಯ ರಿಫಾರ್ಮ್ ಪಕ್ಷಕ್ಕೆ ಶೇ 36, ಲೇಬರ್‌ಗೆ ಶೇ 11. ರಿಫಾರ್ಮ್ ಬರಬಾರದೆಂದು ಉಳಿದವರೆಲ್ಲ ಒಟ್ಟಾಗಿ ಹಾಕಿದ ಮತವಿದು, ವಿಟಲ್ ಮೇಲಿನ ವಿಶ್ವಾಸವಲ್ಲ ಎನ್ನುವ ವಿಶ್ಲೇಷಣೆಯಲ್ಲಿ ಹುರುಳಿದೆ. ಆದರೂ ತಡೆಯಬೇಕೆಂದು ಹೊರಟ ಮತದಾರರು ಒಬ್ಬರ ಹಿಂದೆ ಸೇರಬೇಕಿತ್ತು. ಲಂಡನ್ನಿನಲ್ಲೂ ಕಾರ್ಡಿಫ್‌ನಲ್ಲೂ ಅಧಿಕಾರದಲ್ಲಿದ್ದ ಪಕ್ಷವನ್ನು ಬಿಟ್ಟು, ಅರ್ಧ ಶತಮಾನ ತಮ್ಮ ನಡುವೆ ಓಡಾಡಿದವರ ಹಿಂದೆ ಅವರು ಸೇರಿದರು. ಸೋತ ಮೇಲೂ ಊರು ಬಿಡದ ಅಭ್ಯರ್ಥಿಗಳಿಗೆ ಪಕ್ಷಗಳು ಕೊಡುವ ಬೆಲೆ ಬಹಳ ಕಡಿಮೆ ಎಂದು ನನಗೆ ಅನ್ನಿಸಿದ್ದು ಆ ಫಲಿತಾಂಶ ನೋಡಿ.

ಆದುದರಿಂದಲೇ ಈಗ ಬಂದಿರುವ ಚುನಾವಣಾ ನಿಯಮ ನನ್ನನ್ನು ಚಿಂತೆಗೀಡು ಮಾಡುತ್ತದೆ. 2020ರಿಂದ ಸೆನೆಡ್ ಎಂದು ಕರೆಸಿಕೊಳ್ಳುತ್ತಿರುವ ಸಭೆಯ ಸ್ಥಾನಗಳನ್ನು 2026ರ ಮೇ ಚುನಾವಣೆಯಿಂದ 60ರಿಂದ 96ಕ್ಕೆ ಏರಿಸಲಾಗಿದೆ; 16 ಕ್ಷೇತ್ರ, ಪ್ರತಿಯೊಂದಕ್ಕೂ ಆರು ಮಂದಿ. ಸಂಖ್ಯೆ ಏರಿಸಿದ್ದು ಸರಿಯೇ. ಕಾನೂನು ಮಾಡುವ, ಬಜೆಟ್ ಪರಿಶೀಲಿಸುವ ಕೆಲಸಕ್ಕೆ 60 ಮಂದಿ ಸಾಲುತ್ತಿರಲಿಲ್ಲ. ಮತಪ್ರಮಾಣಕ್ಕೆ ತಕ್ಕ ಸ್ಥಾನ ಎಂಬುದೂ ನ್ಯಾಯವೇ. ತೊಂದರೆ ಇರುವುದು ಮತಪತ್ರದಲ್ಲಿ. ಮತದಾರ ಪಕ್ಷಕ್ಕೆ ಗುರುತು ಹಾಕಬಹುದು, ಆ ಪಕ್ಷದ ಪಟ್ಟಿಯಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಪಕ್ಷವೇ ಬರೆದಿಟ್ಟಿರುತ್ತದೆ. ಲಾರಾ ಮಕಲಿಸ್ಟರ್ ನೇತೃತ್ವದ ತಜ್ಞರ ಸಮಿತಿ 2017ರಲ್ಲೇ ಅಭ್ಯರ್ಥಿಗಳಿಗೆ ಮತದಾರರೇ ಕ್ರಮಾಂಕ ಕೊಡುವ ಪದ್ಧತಿಯನ್ನು ಶಿಫಾರಸು ಮಾಡಿತ್ತು. 2022ರಲ್ಲಿ ಡ್ರೇಕ್‌ಫೋರ್ಡ್ ಮತ್ತು ಆಗಿನ ಪ್ಲೈಡ್ ನಾಯಕ ಆಡಮ್ ಪ್ರೈಸ್ ಒಪ್ಪಂದ ಮಾಡಿಕೊಂಡದ್ದು ಮುಚ್ಚಿದ ಪಟ್ಟಿಗೆ. ಮೂರನೇ ಎರಡರಷ್ಟು ಬೆಂಬಲ ಬೇಕಿದ್ದ ಮಸೂದೆಗೆ ರಾಜಿ ಅನಿವಾರ್ಯವಾಗಿತ್ತು ಎಂದು ಅವರ ಪರವಾಗಿ ಹೇಳಬಹುದು. ಆ ಇಕ್ಕಟ್ಟು ನಿಜವಾದದ್ದೇ. ಆದರೆ ಹೊಸ ನಕಾಶೆಯಲ್ಲಿ ಬ್ಲೈನೈ ಗ್ವೆಂಟ್ ಮತ್ತು ಕೆರ್ಫಿಲಿ ಎರಡೂ ಒಂದೇ ಕ್ಷೇತ್ರದೊಳಗೆ ಬಂದಿವೆ. ಪಕ್ಷೇತರರೊಬ್ಬರು ಅಲ್ಲಿ ಈಗಲೂ ನಾಮಪತ್ರ ಹಾಕಬಹುದು. ತನ್ನ ಪಕ್ಷವನ್ನು ಬಿಡಲೊಲ್ಲದ ಮತದಾರ ಮಾತ್ರ ಪಟ್ಟಿಯ ಮೊದಲ ಹೆಸರನ್ನು ಕೆಳಗಿಳಿಸಲಾರ, ತನ್ನೂರಿನವರ ಹೆಸರನ್ನು ಆರನೆಯ ಜಾಗದಿಂದ ಮೇಲೆತ್ತಲಾರ. ಮೊದಲ ಚುನಾವಣೆಯ ನಂತರ ಈ ಪದ್ಧತಿಯನ್ನು ಮರುಪರಿಶೀಲಿಸಲು ಅದೇ ಕಾನೂನಿನಲ್ಲಿ ಅವಕಾಶವಿದೆ. ಕ್ರಮಾಂಕ ಬರೆಯುವ ಹಕ್ಕನ್ನು ಮತದಾರರ ಕೈಗೆ ಕೊಡಲು ಸೆನೆಡ್ ಆ ಅವಕಾಶವನ್ನು ಬಳಸಿಕೊಳ್ಳಬೇಕು.